ಓನರ್ ಮನೆಯ ಫೋನು, ನನ್ನ ತೊಂಬತ್ತೊಂದು ಕೆಜಿ

ನನ್ನ ತೂಕ ತೊಂಬತ್ತೊಂದು ಕೆಜಿ ಇತ್ತು. ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಮುಚ್ಚಿಡಲು ಏನೂ ಉಳಿದಿಲ್ಲ. ಹೋದ ವರ್ಷ ನಮ್ಮ ವಠಾರದ ಆರು ಮನೆಗಳಿಗೂ ಈ ಸಂಖ್ಯೆ ವಾರವಾರ ತಿಳಿಯುತ್ತಿತ್ತು.

ಶುರುವಾದದ್ದು ಮಾತ್ರ ತೂಕದಿಂದಲ್ಲ. ಆಷಾಢದ ಒಂದು ಬುಧವಾರ ಆಫೀಸಿನಲ್ಲಿ ಟೈಪ್‌ರೈಟರ್ ಮುಂದಿನಿಂದ ಎದ್ದೆ. ಹಿಂದಿನ ಮೇಜಿನ ಗಿರಿಜಾ ಓಡಿ ಬಂದು ನನ್ನ ಸೆರಗನ್ನು ಸೊಂಟಕ್ಕೆ ಸುತ್ತಿದಳು. ಕುರ್ಚಿಯ ಬೆತ್ತದ ಮೇಲೆ ರಕ್ತ. ಮುಟ್ಟಾಗಿ ಅವತ್ತಿಗೆ ಹದಿಮೂರು ದಿನ. ನನಗೆ ನಲವತ್ತನಾಲ್ಕು ವರ್ಷ, ಈ ವಯಸ್ಸಿನಲ್ಲಿ ಹೀಗೆಲ್ಲ ಆಗುತ್ತದೆ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡು ಹದಿಮೂರು ದಿನ ಬಸ್ಸು ಹತ್ತಿ ಇಳಿದಿದ್ದೆ.

ಬಸವನಗುಡಿ ಕಡೆಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಹೆಸರು ಬೇಡ. ಸ್ಕ್ಯಾನ್ ಮಾಡಿದರು. ಫೈಬ್ರಾಯ್ಡ್ ಅಂದರು, ಗರ್ಭಕೋಶದಲ್ಲಿ ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ಆಪರೇಷನ್ ಆಗಲೇಬೇಕು. ಸರಿ, ಮಾಡಿ ಅಂದೆ. ಆಗ ಅನಸ್ತೇಶಿಯಾ ಕೊಡುವ ಡಾಕ್ಟರನ್ನು ಕರೆಸಿದರು. ಆತ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾಡಿ ಹಿಡಿಯಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ.

"ಹನ್ನೆರಡು ಕೆಜಿ ಇಳಿಸ್ಕೊಂಡು ಬರಕ್ಕೆ ಹೇಳಿ. ಈ ವೆಯ್ಟ್‌ಗೆ ನಾನು ಅನಸ್ತೇಶಿಯಾ ಕೊಡಲ್ಲ."

ಹೇಳಿದ್ದು ನನಗಲ್ಲ, ನರ್ಸಿಗೆ.

ಅಲ್ಲಿಂದ ಮುಂದೆ ನನ್ನ ಗಡ್ಡೆಯನ್ನು ಎಲ್ಲರೂ ಮರೆತರು. ನನಗೆ ರಕ್ತ ಹೋಗುತ್ತಿದೆ ಎಂದು ಬಂದವಳು ನಾನು. ಹೊರಗೆ ಬರುವಾಗ ನಾನೊಬ್ಬ ದಪ್ಪಗಿನ ಹೆಂಗಸು, ಬಾಯಿಗೆ ಬೀಗ ಹಾಕಿಕೊಳ್ಳಬೇಕಾದವಳು, ಅಷ್ಟೇ. ಮೂಗು ಕಟ್ಟಿದೆ ಅಂದಿದ್ದರೂ ಇಳಿಸಿಕೊಂಡು ಬನ್ನಿ ಅನ್ನುತ್ತಿದ್ದರೋ ಏನೋ. ರಕ್ತ ನಿಲ್ಲಲು ಒಂದು ಮಾತ್ರೆ, ಐರನ್ ಮಾತ್ರೆ, ಒಂದು ಡಯಟ್ ಚಾರ್ಟು ಕೊಟ್ಟರು. ಜೊತೆಗೆ ಒಂದು ಹೊಸ ಸವಲತ್ತು. ಟೆಲಿಫೋನ್ ಫಾಲೋ-ಅಪ್.

ಕೌಂಟರಿನಲ್ಲಿದ್ದ ಹೆಂಗಸು ಅದನ್ನು ಬಹಳ ಉತ್ಸಾಹದಿಂದ ವಿವರಿಸಿದಳು. "ನೀವು ಬಸ್ಸಲ್ಲಿ ಬಂದು ಕ್ಯೂ ನಿಲ್ಲೋದೇ ಬೇಡ ಮೇಡಂ. ಪ್ರತಿ ಶನಿವಾರ ಸಂಜೆ ನಮ್ಮ ಡಯಟಿಶಿಯನ್ನೇ ಫೋನ್ ಮಾಡ್ತಾರೆ. ವೆಯ್ಟ್ ಹೇಳಿ, ಏನ್ ತಿಂದ್ರಿ ಹೇಳಿ, ಬ್ಲೀಡಿಂಗ್ ಹೇಗಿದೆ ಹೇಳಿ. ಅವರು ಬರ್ಕೊಂಡು ಡಾಕ್ಟರಿಗೆ ತೋರಿಸ್ತಾರೆ. ಆರಾಮಾಗಿ ಮನೇಲೇ ಕೂತು ಟ್ರೀಟ್‌ಮೆಂಟು! ಫೋನ್ ನಂಬರ್ ಕೊಡಿ."

ನನ್ನ ಗಂಡ ನಂಬರ್ ಬರೆದು ಪಕ್ಕದಲ್ಲಿ ಪಿಪಿ ಎಂದು ಸೇರಿಸಿದರು.

ಪಿಪಿ ಅಂದರೆ ಬೇರೆಯವರ ಮನೆಯ ಫೋನು. ಅವರು ನಮ್ಮನ್ನು ಕೂಗಿ ಕರೆಯುತ್ತಾರೆ, ನಾವು ಓಡಿ ಹೋಗಿ ಮಾತಾಡುತ್ತೇವೆ. ಟೆಲಿಫೋನಿಗೆ ಅರ್ಜಿ ಹಾಕಿ ನಾವು ಐದು ವರ್ಷದಿಂದ ಕಾಯುತ್ತಿದ್ದೇವೆ. ಇವರು ಪ್ರೆಸ್ಸಿನಲ್ಲಿ ಮೆಷಿನ್ ನೋಡಿಕೊಳ್ಳುವವರು, ಮಗಳು ಸುಮಾ ಪಿಯುಸಿ. ಚಾಮರಾಜಪೇಟೆಯ ವಠಾರದಲ್ಲಿ ಎರಡು ಕೋಣೆಯ ಮನೆ. ರಸ್ತೆ ಕಡೆಗೆ ಓನರ್ ಮನೆ, ಅದರ ಹಾಲಿನಲ್ಲಿ ಕ್ರೋಶಾ ಬಟ್ಟೆ ಹೊದ್ದ ಕಪ್ಪು ಫೋನು. ಆರು ಮನೆಯ ಹುಟ್ಟು, ಸಾವು, ಹೆಣ್ಣು ನೋಡುವ ಶಾಸ್ತ್ರ ಎಲ್ಲ ಅದರ ಮೂಲಕವೇ ಬರಬೇಕು. ಆಫೀಸಿನಲ್ಲಿ ಫೋನಿರುವುದು ಸೂಪರಿಂಟೆಂಡೆಂಟರ ಮೇಜಿನ ಮೇಲೆ. ಮೂಲೆಯ ಎಸ್‌ಟಿಡಿ ಬೂತಿನಿಂದ ನಾನೇ ಮಾಡುತ್ತೇನೆ ಅಂದರೆ, ಇಲ್ಲ ಮೇಡಂ, ನಾವೇ ಮಾಡೋದು, ರೂಲ್ಸು ಅಂದರು. ಬಾಗಿಲು ಹಾಕಿಕೊಂಡು ಮಾತಾಡುವಂಥ ಫೋನು ನನ್ನ ಬದುಕಿನಲ್ಲಿ ಒಂದೂ ಇರಲಿಲ್ಲ. ಕೌಂಟರಿನ ಹೆಂಗಸು ಪಿಪಿ ಎಂಬ ಎರಡು ಅಕ್ಷರವನ್ನು ಕಂಪ್ಯೂಟರಿಗೆ ಹಾಕಲೇ ಇಲ್ಲ. ಅದಕ್ಕೆ ಜಾಗವಿಲ್ಲವಂತೆ.

ಓನರ್ ಸರೋಜಮ್ಮನವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಮುಂದೆ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಅರವತ್ತೆರಡರ ಹೆಂಗಸು, ಮಡಿ, ಪೂಜೆ, ಶನಿವಾರ ಒಪ್ಪತ್ತು. ಯಜಮಾನರು ರಿಟೈರ್ಡ್ ಹೆಡ್‌ಮಾಸ್ಟರ್, ಎಲ್ಲರಿಗೂ ಅವರು ಮೇಷ್ಟ್ರು. ಫೋನಿನ ಪಕ್ಕದ ಈಸಿ ಚೇರಿನಲ್ಲಿ ಬೆಳಗಿನ ಪೇಪರನ್ನು ಸಂಜೆಯವರೆಗೂ ಓದುತ್ತಾರೆ.

ಮೊದಲ ಶನಿವಾರ ಐದು ಗಂಟೆಗೇ ಹೋಗಿ ಕೂತೆ. ಫೋನು ಬಂದದ್ದು ಆರಕ್ಕೆ. ಆ ಒಂದು ಗಂಟೆ ಸರೋಜಮ್ಮನವರಿಗೆ ತಡೆಯಲಾಗಲಿಲ್ಲ.

"ದೀಪ ಹಚ್ಚೋ ಹೊತ್ತಲ್ಲಿ ಬಂದ ಮುತ್ತೈದೇನ ಬರೀ ಬಾಯಲ್ಲಿ ಕೂರಿಸ್ತಾರಾ?" ಎಂದು ತಟ್ಟೆಯಲ್ಲಿ ನಿಪ್ಪಟ್ಟು, ಒಂದು ಲೋಟ ಕಾಫಿ ತಂದಿಟ್ಟರು.

"ಡಯಟ್ ಹೇಳಿದಾರಮ್ಮಾ..."

"ಎರಡು ನಿಪ್ಪಟ್ಟಲ್ಲಿ ಏನಾಗಿಹೋಗತ್ತೆ? ತಿನ್ನಿ, ಮನೇಲೇ ಮಾಡಿದ್ದು."

ಬಾಡಿಗೆ ಮನೆಯವಳು ಓನರ್ ಕೊಟ್ಟ ತಟ್ಟೆಯನ್ನು ಹಿಂದಕ್ಕೆ ತಳ್ಳುವುದು ಹೇಗೆ? ತಿಂದೆ. ಬಾಯಲ್ಲಿ ಚೂರು ಇರುವಾಗಲೇ ಫೋನು ಬಂತು. ಮೇಷ್ಟ್ರು ನನಗೆ ಅನುಕೂಲವಾಗಲಿ ಎಂದು ಟಿವಿಯ ವಾಲ್ಯೂಮ್ ಪೂರ್ತಿ ಇಳಿಸಿದರು. ಸರೋಜಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು.

"ನಾನು ರೂಪಾ ಮೇಡಂ, ಡಯಟಿಶಿಯನ್ನು. ಇವತ್ತು ವೆಯ್ಟ್ ಎಷ್ಟು?"

ಲೈನಿನಲ್ಲಿ ಕರಕರ ಸದ್ದು. ಮೆಲ್ಲಗೆ ಹೇಳಿದೆ. ಕೇಳಿಸಲಿಲ್ಲ ಅಂದಳು. ಮತ್ತೆ ಹೇಳಿದೆ. ಮೂರನೇ ಸಲ ಕೂಗಿದೆ.

"ತೊಂಬತ್ತೊಂದು!"

ಹಿಂದಿನ ಮನೆಯಲ್ಲಿ ರುಬ್ಬುತ್ತಿದ್ದ ಸದ್ದು ನಿಂತಿತು.

"ಸಂಜೆ ಏನ್ ತಗೊಂಡ್ರಿ?"

ಸರೋಜಮ್ಮ ನನ್ನನ್ನೇ ನೋಡುತ್ತಿದ್ದರು. ನಿಪ್ಪಟ್ಟು ಅಂದರೆ ಅವರ ಮನೆಯಲ್ಲಿ ನಿಂತು ಅವರ ಮೇಲೇ ದೂರು ಹೇಳಿದ ಹಾಗೆ. "ಸೌತೆಕಾಯಿ" ಅಂದೆ. ಸರೋಜಮ್ಮನವರ ಮುಖ ಅರಳಿತು. ಮುಂದಿನ ಶನಿವಾರ ಕೋಡುಬಳೆ, ಅದರ ಮುಂದಿನ ಶನಿವಾರ ಅವಲಕ್ಕಿ. ಫೋನಿನಲ್ಲಿ ಮಾತ್ರ ನಾನು ಸೌತೆಕಾಯಿ ತಿನ್ನುತ್ತಲೇ ಇದ್ದೆ.

ಇಲ್ಲಿಯವರೆಗೆ ಓದಿದವರು ನಗಬಹುದು. ನಾನೂ ನಕ್ಕಿದ್ದೇನೆ. ಮುಂದಿನದಕ್ಕೆ ನಗು ಬರುವುದಿಲ್ಲ.

"ಬ್ಲೀಡಿಂಗ್ ಹೇಗಿದೆ ಮೇಡಂ? ಇನ್ನೂ ಇದೆಯಾ?"

ನಮ್ಮ ವಠಾರದ ಹೆಂಗಸರು ಆ ಮೂರು ದಿನ ಓನರ್ ಮನೆಯ ಹೊಸಿಲು ದಾಟುವುದಿಲ್ಲ. ಯಾರೂ ಬೋರ್ಡು ಹಾಕಿಲ್ಲ, ಎಲ್ಲರಿಗೂ ಗೊತ್ತು. ಮೂರನೇ ಮನೆಯ ಲತಾಳಿಗೆ ಕೆಲಸದ ಇಂಟರ್‌ವ್ಯೂ ವಿಷಯವಾಗಿ ಫೋನು ಬಂದ ದಿನ ಅವಳು ಹೊಸಿಲಾಚೆ ನಿಂತು, ನಾಳಿದ್ದು ಮಾಡಕ್ಕೆ ಹೇಳಿ ಎಂದು ಬೇಡಿಕೊಂಡಿದ್ದಳು. ಅವರು ಮತ್ತೆ ಮಾಡಲಿಲ್ಲ. ನಮ್ಮ ಮನೆಯಲ್ಲಿ ಇದೆಲ್ಲ ಅಷ್ಟಿಲ್ಲ, ಎರಡು ಕೋಣೆಯಲ್ಲಿ ದೂರ ಕೂರುವುದೆಲ್ಲಿ? ಆದರೆ ಓನರ್ ಮನೆಯ ಹಾಲಿನಿಂದ ದೇವರ ಮನೆಗೆ ನಾಲ್ಕು ಹೆಜ್ಜೆ. ಶನಿವಾರ ಸಂಜೆ. ದೀಪ ಹಚ್ಚಿದೆ. ನನಗೆ ಮೂರು ದಿನವಲ್ಲ, ಮೂವತ್ತು ದಿನವೂ ಅದೇ. ಹೌದು, ಇದೆ ಅಂದರೆ ಎರಡು ಮೊಳ ದೂರದಲ್ಲಿ ಪೇಪರ್ ಹಿಡಿದಿರುವ ಮೇಷ್ಟ್ರಿಗೆ ಕೇಳಿಸುತ್ತದೆ. ನಾಳೆಯಿಂದ ಈ ಫೋನು ನನಗಿಲ್ಲ. ಫೋನಿಲ್ಲದಿದ್ದರೆ ಡಯಟ್ ಇಲ್ಲ, ಡಯಟ್ ಇಲ್ಲದಿದ್ದರೆ ಆಪರೇಷನ್ ಇಲ್ಲ.

"ಇಲ್ಲ" ಅಂದೆ. "ಚೆನ್ನಾಗಿದೀನಿ."

"ವೆರಿ ಗುಡ್ ಮೇಡಂ!"

ಹನ್ನೊಂದು ಶನಿವಾರ ಹೀಗೆ ಹೇಳಿದೆ. ತೂಕ ಮಾತ್ರ ನಿಜ ಹೇಳಿದೆ. ಉಪ್ಪಾರಪೇಟೆಯ ಒಂದು ಮೆಡಿಕಲ್ ಶಾಪಿನ ಮುಂದೆ ಕಾಸು ಹಾಕುವ ಯಂತ್ರವಿದೆ, ಶನಿವಾರ ಬೆಳಿಗ್ಗೆ ಬಸ್ಸಿಳಿದು ಅದರ ಮೇಲೆ ನಿಲ್ಲುತ್ತಿದ್ದೆ. ಮನೆಯಲ್ಲಿ ನಿಜವಾಗಿಯೂ ಅರ್ಧ ಹೊಟ್ಟೆ ತಿನ್ನುತ್ತಿದ್ದೆ. ಒಂದು ಮುದ್ದೆಯ ಜಾಗದಲ್ಲಿ ಅರ್ಧ, ಅನ್ನ ಒಂದು ಸೌಟು. ತೊಂಬತ್ತು, ಎಂಬತ್ತೊಂಬತ್ತೂವರೆ. ನಲ್ಲಿ ಹತ್ತಿರ ಹೆಂಗಸರು "ಅರ್ಧ ಕೆಜಿ ಇಳೀತಂತೆ, ಸಿಹಿ ಕೊಡ್ಸಿ" ಎಂದು ತಮಾಷೆ ಮಾಡುತ್ತಿದ್ದರು. ಯಾವ ವಾರ ಇಳಿಯಲಿಲ್ಲವೋ ಆ ವಾರ ಯಾರೂ ಮಾತಾಡುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಈ ನಡುವೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟತೊಡಗಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಸುಮಾ ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, "ಅಮ್ಮಾ, ಬಿಳೀ ಇದೆ" ಅಂದಳು. ಒಂದು ದಿನ ರಜೆ ಹಾಕಿ ಆಸ್ಪತ್ರೆಗೇ ಹೋದೆ. ಕೌಂಟರಿನ ಅದೇ ಹೆಂಗಸು ಕಂಪ್ಯೂಟರ್ ನೋಡಿ ಹೇಳಿದಳು: "ನೀವು ಫೋನ್ ಪೇಷೆಂಟು ಮೇಡಂ. ಒಪಿಡಿಗೆ ಬರೋ ಹಾಗಿಲ್ಲ. ಏನಿದ್ರೂ ಶನಿವಾರ ಫೋನಲ್ಲೇ ಹೇಳಿ."

ಆಸ್ಪತ್ರೆಯ ಒಳಗೆ ನಿಂತಿದ್ದ ನನ್ನನ್ನು, ಮನೆಗೆ ಹೋಗಿ ಫೋನಿಗೆ ಕಾಯಿರಿ ಎಂದು ಕಳಿಸಿದರು.

ಆ ಶನಿವಾರ ರೂಪಾ ಸಂತೋಷದಿಂದ ಹೇಳಿದಳು: "ಡಾಕ್ಟರ್ ಚಾರ್ಟ್ ನೋಡಿದ್ರು ಮೇಡಂ. ಬ್ಲೀಡಿಂಗ್ ಇಲ್ವಲ್ಲ, ಅರ್ಜೆನ್ಸಿ ಇಲ್ಲ. ಇನ್ನೂ ಮೂರು ತಿಂಗಳು ಟೈಮ್ ತಗೊಂಡು ವೆಯ್ಟ್ ಇಳಿಸಣ ಅಂದ್ರು."

ಮೂರು ತಿಂಗಳು ತಡೆಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಈಗ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಮೇಷ್ಟ್ರು ಪೇಪರಿನ ಪುಟ ತಿರುಗಿಸಿದರು. "ಆಗಲಿ" ಅಂದು ಇಟ್ಟುಬಿಟ್ಟೆ.

ಮಂಗಳವಾರ ಮಾರ್ಕೆಟ್ ಹತ್ತಿರ ಬಸ್ಸು ಇಳಿಯುತ್ತಾ ಬಿದ್ದೆ.

ಹೂವಿನವರು ಎತ್ತಿ ಆಟೋಗೆ ಹಾಕಿ, ಬ್ಯಾಗಿನಲ್ಲಿದ್ದ ಡಯಟ್ ಚಾರ್ಟು ನೋಡಿ ಅದೇ ಆಸ್ಪತ್ರೆಗೆ ಕಳಿಸಿದರಂತೆ. ನನಗೆ ನೆನಪಿರುವುದು ಕಣ್ಣು ಬಿಟ್ಟಾಗ ಮೇಲೆ ತೂಗುತ್ತಿದ್ದ ರಕ್ತದ ಬಾಟಲಿ, ಮತ್ತು ಯಾರೋ ಹೇಳಿದ ಮಾತು. ಹಿಮೋಗ್ಲೋಬಿನ್ ಐದು.

ಐದು. ನರ್ಸು ಹನ್ನೆರಡಾದರೂ ಇರಬೇಕು ಅಂದಳು. ಇವರ ಪ್ರೆಸ್ಸಿನ ಮೂವರು ಮಸಿ ಮೆತ್ತಿದ ಕೈಯಲ್ಲೇ ಬಂದು ರಕ್ತ ಕೊಟ್ಟರು. ಸುಮಾ ನನ್ನ ಕಾಲ ಹತ್ತಿರ ಕೂತು ಅಳುತ್ತಿದ್ದಳು. ಡ್ಯೂಟಿ ಡಾಕ್ಟರ್ ಫೈಲು ತಿರುವಿ ನನ್ನನ್ನು ಗದರಿದರು.

"ಹನ್ನೊಂದು ವಾರ ಬ್ಲೀಡಿಂಗ್ ಇಲ್ಲ ಅಂತ ನೀವೇ ಹೇಳಿದೀರಲ್ಲಮ್ಮ? ಓದ್ಕೊಂಡಿರೋ ಹೆಂಗಸು, ಸುಳ್ಳು ಯಾಕೆ ಹೇಳಿದ್ರಿ?"

ಎದ್ದು ಕೂರುವ ಶಕ್ತಿ ಇದ್ದಿದ್ದರೆ ಎದ್ದು ಕೂತೇ ಹೇಳುತ್ತಿದ್ದೆ. ಮಲಗಿಕೊಂಡೇ ಹೇಳಿದೆ. "ನೀವು ನನ್ನನ್ನ ಕೇಳ್ಲೇ ಇಲ್ಲ ಡಾಕ್ಟ್ರೇ. ಓನರ್ ಮನೆ ಹಾಲಲ್ಲಿ, ಅವರ ಯಜಮಾನರ ಮುಂದೆ, ದೇವರ ದೀಪದ ಮುಂದೆ ಕೇಳಿದ್ರಿ. ಅಲ್ಲಿ ಏನು ಹೇಳ್ಬಹುದೋ ಅದನ್ನ ಹೇಳ್ದೆ. ನಿಮ್ಮ ತಾಯೀನ ಅಲ್ಲಿ ಕೂರಿಸಿ ಕೇಳಿ ನೋಡಿ."

ಸುಳ್ಳು ಹೇಳಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಕಾಗದ ಬರೆದು ಹಾಕಬಹುದಿತ್ತು, ಇವರನ್ನು ಕಳಿಸಬಹುದಿತ್ತು, ಕೌಂಟರಿನ ಮುಂದೆ ಕೂತು ಗಲಾಟೆ ಮಾಡಬಹುದಿತ್ತು. ರಕ್ತವಿಲ್ಲದ ತಲೆಗೆ ಅದೆಲ್ಲ ಹೊಳೆಯುವುದಿಲ್ಲ ಎನ್ನುವುದು ಈಗ ಗೊತ್ತಾಗಿದೆ. ಆದರೆ ಒಂದು ಯೋಜನೆ ಮಾಡುವವರು, ಊರಿನ ಫೋನುಗಳೆಲ್ಲ ತಮ್ಮ ಮನೆಯ ಫೋನಿನ ಹಾಗೆ ಮಲಗುವ ಕೋಣೆಯಲ್ಲಿರುತ್ತವೆ ಎಂದುಕೊಂಡರೆ ಆ ತಪ್ಪನ್ನು ಯಾರ ಚಾರ್ಟಿನಲ್ಲಿ ಬರೆಯಬೇಕು?

ನಾಲ್ಕು ದಿನ ರಕ್ತ ಕೊಟ್ಟು ಐದನೇ ದಿನ ಆಪರೇಷನ್ ಮಾಡಿದರು. ಅನಸ್ತೇಶಿಯಾ ಕೊಡಲು ಬಂದದ್ದು ಅದೇ ಡಾಕ್ಟರ್. ಆಗ ನನ್ನ ತೂಕ ಎಂಬತ್ತೆಂಟು.

"ಇನ್ನೂ ಒಂಬತ್ತು ಕೆಜಿ ಬಾಕಿ ಇದೆಯಲ್ಲ ಡಾಕ್ಟ್ರೇ" ಅಂದೆ.

"ಆಗ ಎಲೆಕ್ಟಿವ್, ಕಾಯ್ಬಹುದಿತ್ತು. ಈಗ ಎಮರ್ಜೆನ್ಸಿ" ಎಂದು ಮಾಸ್ಕ್ ಕಟ್ಟಿಕೊಂಡರು.

ಅಂದರೆ ನಡೆದುಕೊಂಡು ಬಂದರೆ ನಾನು ದಪ್ಪ. ಸಾಯುವ ಹಾಗೆ ಬಂದರೆ ಅಡ್ಡಿಯಿಲ್ಲ. ಅವರಿಗೂ ಕಾರಣಗಳಿರಬಹುದು, ದಪ್ಪ ಮೈಗೆ ಅಪಾಯ ಹೆಚ್ಚು ಎನ್ನುವುದು ಸುಳ್ಳಲ್ಲವಂತೆ. ಅದನ್ನು ಮೊದಲ ದಿನವೇ ನನ್ನ ಮುಖ ನೋಡಿ ಹೇಳಿದ್ದರೆ ಏನು ಹೋಗುತ್ತಿತ್ತು?

ಆಪರೇಷನ್ ಆದ ಮೂರನೇ ದಿನ ವಾರ್ಡಿಗೆ ಒಬ್ಬ ಹುಡುಗಿ ಬಂದು ಮಂಚದ ಹತ್ತಿರ ಸುಮ್ಮನೆ ನಿಂತಳು. ಬಾಯಿ ತೆಗೆದಾಗ ಧ್ವನಿಯಿಂದ ಗುರುತು ಸಿಕ್ಕಿತು. ರೂಪಾ. ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬಹುದು, ಸುಮಾಳ ಅಕ್ಕನ ಹಾಗಿದ್ದಳು. ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ.

"ನಾನು ಕೇಳ್ಬೇಕಿತ್ತು ಮೇಡಂ, ಪಕ್ಕದಲ್ಲಿ ಯಾರಿದಾರೆ ಅಂತ" ಅಂದಳು. "ನಮ್ಮ ಮನೇಲೂ ಪಿಪಿನೇ. ನನಗೇ ಹೊಳೀಲಿಲ್ಲ." ಕಣ್ಣು ತುಂಬಿಕೊಂಡಿತ್ತು. ಬೈಗುಳ ಬಿಟ್ಟು, ಸ್ಟೂಲು ಎಳೆದುಕೊಂಡು ಕೂರಲು ಹೇಳಿದೆ.

ಅವಳೇ ಒಂದು ದಾರಿ ಹುಡುಕಿದಳು. ಗಡ್ಡೆ ಹೋದರೂ ಆಪರೇಷನ್ ಹೊತ್ತಿಗೆ ಗೊತ್ತಾದ ಬಿಪಿ ಇದೆ, ತೂಕ ಇಳಿಯಲೇಬೇಕು, ಫೋನು ಮುಂದುವರಿಯಬೇಕು. "ಇನ್ಮೇಲೆ ಮಾತೆಲ್ಲ ನಾನೇ ಆಡ್ತೀನಿ ಮೇಡಂ. ನೀವು ಹೂಂ, ಉಹೂಂ ಅಂದ್ರೆ ಸಾಕು. ಕರಿದಿದ್ದು ತಿಂದ್ರಾ? ಹೂಂ. ಎರಡಾ? ಉಹೂಂ. ಮೂರಾ? ಪಕ್ಕದಲ್ಲಿರೋರಿಗೆ ಏನೂ ಗೊತ್ತಾಗಲ್ಲ." ನಗಲು ಹೋಗಿ ಹೊಲಿಗೆ ಎಳೆದು ನೋವಾಯಿತು. ಯೋಜನೆ ಮಾಡಿದವರಿಗೆ ಹೊಳೆಯದ್ದು ಈ ಹುಡುಗಿಗೆ ಹೊಳೆಯಿತು. ಅವಳಿಗೆ ನಾನು ಋಣಿ. ಆಸ್ಪತ್ರೆಗಲ್ಲ.

ಆರು ವಾರದ ನಂತರದ ಶನಿವಾರ ಮತ್ತೆ ಓನರ್ ಮನೆಗೆ ಹೋದೆ. ನಾನು ಬಿದ್ದ ಕಾರಣ ಅಷ್ಟರಲ್ಲಿ ವಠಾರಕ್ಕೆಲ್ಲ ತಿಳಿದಿತ್ತು. ಅಂದರೆ ಹನ್ನೊಂದು ಶನಿವಾರ ನಾನು ಯಾವ ಸ್ಥಿತಿಯಲ್ಲಿ ಆ ಹಾಲಿನಲ್ಲಿ ಕೂತಿದ್ದೆ ಎನ್ನುವುದೂ ತಿಳಿದಿತ್ತು. ಸರೋಜಮ್ಮ ಆಸ್ಪತ್ರೆಗೆ ಬಂದಿರಲಿಲ್ಲ, ಮನೆಗೂ ಬಂದಿರಲಿಲ್ಲ. ಫೋನು ಬಂತು ಎಂದು ಕೂಗಿದರು, ಅಷ್ಟೇ. ನಾನು ಒಳಗೆ ಹೋದಾಗ ಬಾಗಿಲಿಗೆ ಒರಗಿ ನಿಂತಿದ್ದರು. ಮುಖದಲ್ಲಿ ಏನಿದೆ ಎಂದು ತಿಳಿಯಲಿಲ್ಲ.

"ಪಕ್ಕದಲ್ಲಿ ಯಾರಾದ್ರೂ ಇದಾರಾ ಮೇಡಂ? ಇದ್ರೆ ಬರೀ ಹೂಂ ಅನ್ನಿ."

ಹೂಂ ಅನ್ನಬೇಕೆಂದೇ ಹೋಗಿದ್ದೆ. ಬಾಯಿಗೆ ಬರಲಿಲ್ಲ. ಆರು ವಾರ ಮಲಗಿ ಕೂಡಿಟ್ಟಿದ್ದ ಸಿಟ್ಟೆಲ್ಲ ಹೊರಗೆ ಬಂತು. ನಾನು ಯಾರ ಮನೆಯ ಗಂಟು ಕದ್ದಿದ್ದೆ?

"ಇದಾರೆ ರೂಪಾ. ಇರ್ಲಿ. ಬರ್ಕೋ. ಹನ್ನೊಂದು ವಾರ ಇದೇ ಕುರ್ಚೀಲಿ ಕೂತು ಸುಳ್ಳು ಹೇಳ್ದೆ. ದಿನಾ ಬ್ಲೀಡಿಂಗ್ ಇತ್ತು. ಹೇಳಿದ್ರೆ ಇಲ್ಲಿಗೆ ಸೇರಿಸಲ್ಲ ಅಂತ ಭಯ. ಸೌತೆಕಾಯಿನೂ ಸುಳ್ಳು. ಈಗ ಬ್ಲೀಡಿಂಗ್ ಇಲ್ಲ, ಗರ್ಭಕೋಶನೇ ಇಲ್ಲ. ತೂಕ ಎಂಬತ್ತನಾಲ್ಕು!"

ಮೇಷ್ಟ್ರು ಪೇಪರ್ ಮಡಿಸಲು ಹೋಗಿ ಬೀಳಿಸಿಕೊಂಡರು. ಚಪ್ಪಲಿ ಹುಡುಕಿಕೊಂಡು ಜಗಲಿಗೆ ಹೋದರು.

ಬೈಗುಳಕ್ಕೆ ಕಾದು ನಿಂತೆ. ಮನೆ ಖಾಲಿ ಮಾಡಿ ಅಂದರೂ ಸರಿ ಎಂದುಕೊಂಡೆ. ಸರೋಜಮ್ಮ ಹತ್ತಿರ ಬಂದರು. ನನ್ನ ಕೈಯಲ್ಲಿದ್ದ ರಿಸೀವರ್ ಕಡೆ ಕೈ ತೋರಿಸಿ ಪಿಸುಗುಟ್ಟಿದರು.

"ಇಡ್ಬೇಡಿ. ಆ ಹುಡುಗಿ ಹೆಂಗಸರ ಡಾಕ್ಟ್ರಿಗೆ ಹೇಳ್ತಾಳಾ?"

"ಹೇಳ್ತಾಳೆ. ಯಾಕಮ್ಮ?"

ಅವರು ಒಮ್ಮೆ ದೇವರ ಮನೆಯ ಕಡೆ ನೋಡಿದರು, ಒಮ್ಮೆ ಜಗಲಿಯ ಕಡೆ.

"ನಂಗೆ ಹನ್ನೆರಡು ವರ್ಷದ ಹಿಂದೆನೇ ನಿಂತುಹೋಗಿತ್ತು. ದೀಪಾವಳಿಯಿಂದ ಮತ್ತೆ ಕಾಣಿಸ್ಕೋತಾ ಇದೆ. ಯಾರ್ಗೂ ಹೇಳಿಲ್ಲ. ಪೂಜೆ ಮಾಡ್ತಾನೇ ಇದೀನಿ. ಫೋನು ನಮ್ದೇ... ಇವರು ಎದ್ದು ಹೋಗೋದೇ ಇಲ್ಲ."

ಇವರಿಗೆ ಹೆದರಿ ನಾನು ಸಾಯುವುದರಲ್ಲಿದ್ದೆ. ಇವರು ಯಾರಿಗೆ ಹೆದರಿದ್ದರು? ರಿಸೀವರನ್ನು ಅವರ ಕೈಗೆ ಕೊಟ್ಟೆ. ಹಿಡಿದುಕೊಳ್ಳುವಾಗ ಅವರ ಬೆರಳು ತಣ್ಣಗಿತ್ತು.

"ಮೊದ್ಲು ಅವಳು ಏನ್ ಕೇಳ್ತಾಳೋ ಅದಕ್ಕೆ ಹೂಂ, ಉಹೂಂ ಅನ್ನಿ. ಆಮೇಲೆ ತಾನಾಗೇ ಮಾತು ಬರತ್ತೆ" ಎಂದು ಹೇಳಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಜಗಲಿಯಲ್ಲಿ ಮೇಷ್ಟ್ರು ಒಳಗೆ ಹೋಗಲು ಎದ್ದರು. ನಾನು ಬಾಗಿಲಿಗೆ ಅಡ್ಡ ಕೂತೆ. ಎಂಬತ್ತನಾಲ್ಕು ಕೆಜಿ, ದಾಟಿಕೊಂಡು ಹೋಗುವುದು ಅಷ್ಟು ಸುಲಭವಲ್ಲ.

"ಒಳಗೆ ಫೋನಲ್ಲಿ ಮಾತಾಡ್ತಿದಾರೆ ಮೇಷ್ಟ್ರೇ. ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳಿ."

"ಯಾರು? ನಮ್ಮ ಸರೋಜನಾ? ಯಾರ ಹತ್ರ?"

"ಅದು ಅವರ ವಿಷಯ" ಅಂದೆ.